ಬಕೆಟ್ಟಿನಲ್ಲಿ ಕೂತ ಗಾಳಿ

ಉತ್ತರದ ಗಾಳಿಯನ್ನು ಕಿವಿ ಹಿಡಿದು ಎಳೆತಂದು, ಒಂದು ಮನೆಯ ನೆಲಮಾಳಿಗೆಯ ಬಕೆಟ್ಟಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಿಸಿ, ‘ನಾನು ಹೇಳುವ ತನಕ ಏಳಬೇಡ’ ಎಂದು ಗದರಿಸಿ ಬಂದ ಮನುಷ್ಯ ಈ ಭೂಮಂಡಲದಲ್ಲಿ ನಾನೊಬ್ಬನೇ. ಅದು ಹದಿನೇಳು ವರ್ಷದಿಂದ ಅಲ್ಲೇ ಕೂತಿದೆ. ಅನುಮಾನ ಇದ್ದವರು ವೆರ್ಬಾ ಊರಿಗೆ ಬಂದು, ಪರಾಸ್ಕಾ ಹೊಲೊವಾಟಿಯ ನೆಲಮಾಳಿಗೆಗೆ ಇಳಿದು, ಬಕೆಟ್ಟಿಗೆ ಕೈ ಹಾಕಿ ನೋಡಬಹುದು. ಬೆರಳು ಮರಗಟ್ಟಿದರೆ ನನ್ನನ್ನು ಬೈಯಬಾರದು.

ನನ್ನ ಹೆಸರು ಓರೆಸ್ಟ್ ಪಲಮಾರ್ಚುಕ್. ಸಸ್ಕಾಚೆವಾನ್ ಪ್ರಾಂತ್ಯದ ಪೂರ್ವದಂಚಿನಲ್ಲಿ ಮೂವತ್ತೆಂಟು ವರ್ಷದಿಂದ ಮನೆ ಬೆಚ್ಚಗಿಡುವ ಫರ್ನೇಸುಗಳ ರಿಪೇರಿ ಮಾಡಿಕೊಂಡು ಬಂದವನು. ನಮ್ಮೂರಿನ ಚಳಿ ಎಂಥದ್ದೆಂದರೆ ಜನವರಿಯಲ್ಲಿ ಯಾರೂ ಬೀದಿಯಲ್ಲಿ ಜಗಳ ಆಡುವುದಿಲ್ಲ. ಬಾಯಿ ತೆರೆದರೆ ಹಲ್ಲಿಗೆ ನೆಗಡಿಯಾಗುತ್ತದೆ. ಅಂಥ ಚಳಿಯಲ್ಲಿ ನಾನು ಮನೆಯ ಮುಂದೆ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಆ ಸಾಲಿನ ಮೂರು ಮನೆಯ ಫರ್ನೇಸುಗಳು ಎದ್ದು ನಿಂತು ಹೊತ್ತಿಕೊಳ್ಳುತ್ತವೆ.

ಫರ್ನೇಸು ಎಂದರೆ ಜನ ಗ್ಯಾಸನ್ನಷ್ಟೇ ನೆನೆಯುತ್ತಾರೆ. ಗ್ಯಾಸು ಅದರ ಊಟ. ಊಟ ಎಷ್ಟಿದ್ದರೇನು, ಉಸಿರಾಡದೆ ಉಣ್ಣಲಾಗುತ್ತದೆಯೇ? ಅದಕ್ಕೇ ನಾವು ಗೋಡೆಯಲ್ಲಿ ತೂತು ಕೊರೆದು, ಹೊರಗಿನಿಂದ ತೋಳಿನಷ್ಟು ದಪ್ಪದ ಒಂದು ಕೊಳವೆಯನ್ನು ಫರ್ನೇಸಿನ ಕಾಲಬುಡದವರೆಗೆ ಇಳಿಸುತ್ತೇವೆ. ಕೊಳವೆಗೆ ಬೆಚ್ಚಗಿನ ಹೊದಿಕೆ ಸುತ್ತಿ, ಬಾಯಿಯನ್ನು ಖಾಲಿ ಬಕೆಟ್ಟಿನೊಳಗೆ ತಳ ಮುಟ್ಟದ ಹಾಗೆ ಇಡುತ್ತೇವೆ. ತಣ್ಣನೆಯ ಗಾಳಿ ಭಾರ. ನೆಲದ ಮೇಲೆಲ್ಲ ಚೆಲ್ಲಾಡದೆ ಬಕೆಟ್ಟಿನಲ್ಲಿ ನೀರಿನ ಹಾಗೆ ನಿಂತಿರುತ್ತದೆ. ಫರ್ನೇಸು ಹೊತ್ತಿಕೊಂಡಾಗ ಬೇಕಾದಷ್ಟು ಎಳೆದುಕೊಂಡು ಕುಡಿಯುತ್ತದೆ, ಹೊಗೆಯನ್ನು ಚಿಮಣಿಗೆ ಕಳಿಸುತ್ತದೆ.

ಆದರೆ ಚಳಿ ಕಂಡರೆ ಜನರ ಬುದ್ಧಿ ಮುದುಡುತ್ತದೆ. ‘ಅಯ್ಯೋ, ಇಲ್ಲಿಂದ ಥಂಡಿ ಬರುತ್ತಿದೆ’ ಎಂದು ಕೈಗೆ ಸಿಕ್ಕಿದ್ದನ್ನು ಆ ಕೊಳವೆಗೆ ತುರುಕುತ್ತಾರೆ. ನಾನು ಹಾಕಿ ಆಟದ ಕಾಲುಚೀಲ ತೆಗೆದಿದ್ದೇನೆ, ಅರ್ಧ ದಿಂಬು ತೆಗೆದಿದ್ದೇನೆ, ಮದುವೆಯ ಲಂಗ ತೆಗೆದಿದ್ದೇನೆ. ತೆಗೆದದ್ದನ್ನೆಲ್ಲ ನೇರವಾಗಿ ಮೇನ್ ಸ್ಟ್ರೀಟಿನ ಕೆಫೆಗೆ ತಂದು, ಗಂಡಸರು ಬೆಳಿಗ್ಗೆ ಕಾಫಿ ಕುಡಿಯುವ ಉದ್ದನೆಯ ಮೇಜಿನ ಮೇಲ್ಗಡೆ ಗೋಡೆಯಲ್ಲಿರುವ ಮೊಳೆಗೆ ನೇತುಹಾಕುತ್ತೇನೆ. ತುರುಕಿದವರು ಎಲ್ಲರೆದುರು ಬಂದು, ‘ಇದು ನನ್ನದು’ ಎಂದು ಹೇಳಿ ಬಿಚ್ಚಿಕೊಂಡು ಹೋಗಬೇಕು. ಆ ಲಂಗ ಹನ್ನೊಂದು ದಿನ ನೇತಾಡಿತು. ಈ ಮೊಳೆಯ ಹೆದರಿಕೆಯಿಂದ ಉಳಿದ ಜೀವಗಳನ್ನು ಎಣಿಸಿದರೆ ಎರಡು ಪ್ರಾಂತ್ಯ ತುಂಬುತ್ತವೆ.

ಈಗ ಪರಾಸ್ಕಾಳ ವಿಷಯಕ್ಕೆ ಬರುತ್ತೇನೆ. ಅವಳ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡ ಧರ್ಮಪಿತ ನಾನು. ಅಂದಿನಿಂದ ನಾನು ಅವಳಿಗೆ ಕುಮ್, ಅವಳು ನನಗೆ ಕುಮಾ. ಕರೆಯುವಾಗ ‘ಕುಮೆ’, ‘ಕುಮೊ’. ಈ ನಂಟು ರಕ್ತದ್ದಲ್ಲ, ರಕ್ತಕ್ಕಿಂತ ಬಿಗಿ. ಬೀಗರ ಹಾಗೆ ಮರ್ಯಾದೆ, ಒಡಹುಟ್ಟಿದವರ ಹಾಗೆ ಸಲಿಗೆ. ಗಂಡ ಪೆಟ್ರೊ ತೀರಿಕೊಂಡ ಮೇಲೂ ಪರಾಸ್ಕಾ ಪ್ರತಿ ಸೆಪ್ಟೆಂಬರಿನಲ್ಲಿ ಪಾಪ್ಲರ್ ತೋಪಿಗೆ ಹೋಗಿ ಅಣಬೆ ಆರಿಸಿ, ದಾರಕ್ಕೆ ಪೋಣಿಸಿ ಒಣಗಿಸುತ್ತಾಳೆ. ಆ ಅಣಬೆಯ ಗೊಜ್ಜಿನ ವಾಸನೆಗೆ ಪಕ್ಕದ ಊರಿನ ಸತ್ತವರು ಎದ್ದು ಕೂತು ತಟ್ಟೆ ಕೇಳುತ್ತಾರೆ. ನಮ್ಮ ಇಗರ್ಜಿಯಲ್ಲಿ ಜನವರಿ ಆರರ ಪವಿತ್ರ ಸಂಜೆಗೆ, ಅಂದರೆ ನಮ್ಮ ಹಳೆಯ ಪಂಚಾಂಗದ ಕ್ರಿಸ್‌ಮಸ್ಸಿನ ಹಿಂದಿನ ಸಂಜೆಗೆ, ಹನ್ನೆರಡು ಬಗೆಯ ಅಡುಗೆ ಆಗಬೇಕು, ಒಂದರಲ್ಲೂ ಮಾಂಸ ಇರಬಾರದು. ಆ ಹನ್ನೆರಡರಲ್ಲಿ ಅಣಬೆ ಗೊಜ್ಜು ಮೂವತ್ತೊಂದು ವರ್ಷದಿಂದ ಪರಾಸ್ಕಾಳದ್ದು. ಅದನ್ನು ಅವಳಿಂದ ಕಿತ್ತುಕೊಳ್ಳುವುದೂ ಒಂದೇ, ಪಾದ್ರಿಯಿಂದ ಶಿಲುಬೆ ಕಿತ್ತುಕೊಳ್ಳುವುದೂ ಒಂದೇ.

ಒಂದು ವರ್ಷ ಅಕ್ಟೋಬರಿನಲ್ಲಿ ಅವಳ ಫರ್ನೇಸಿನ ವಾರ್ಷಿಕ ಸರ್ವಿಸಿಗೆ ಹೋಗಿದ್ದೆ. ಬೇಸಿಗೆಯಲ್ಲಿ ಅವಳು ಮನೆಗೆ ಹೊಸ ಕಿಟಕಿ ಹಾಕಿಸಿದ್ದಳು, ಇರುವೆ ನುಸುಳುವಷ್ಟೂ ಸಂದಿಲ್ಲ. ಹೊರಗೆ ಅಕಾಲದ ಚಳಿ, ಉತ್ತರದ ಗಾಳಿ. ಬಕೆಟ್ಟಿನ ಪಕ್ಕ ನೆಲದ ಮೇಲೆ ಮಲಗಿ ಬರ್ನರು ಬಿಚ್ಚಿ ಒರೆಸಿದೆ. ನಾನು ಮುಟ್ಟಿದ ಮೇಲೆ ಆ ಉರಿ ಎಷ್ಟು ನೀಲಿಯಾಯಿತೆಂದರೆ ಆಕಾಶ ನಾಚಿಕೊಂಡು ಮೋಡ ಹೊದ್ದಿತು. ಆಮೇಲೆ ಪರಾಸ್ಕಾ ಮೇಲಿನಿಂದ ಊಟಕ್ಕೆ ಕರೆದಳು. ಗೊಜ್ಜು ಉಂಡು ಮನೆಗೆ ಹೊರಟೆ. ದಾರಿಯಲ್ಲಿ ಗಾಳಿ ಸೇಡು ತೀರಿಸಿಕೊಂಡಿತು. ತನ್ನ ಅಣ್ಣನನ್ನು ಬಕೆಟ್ಟಿನಲ್ಲಿ ಕೂರಿಸಿದ ನನ್ನ ಮೇಲೆ ಬಿದ್ದು, ನನ್ನ ಹೆಂಡತಿ ಸ್ಲಾವ್ಕಾ ಹೆಣೆದುಕೊಟ್ಟಿದ್ದ ಬೂದು ಉಣ್ಣೆಯ ಟೋಪಿಯನ್ನು ಕಿತ್ತುಕೊಂಡು ಹೋಯಿತು. ನೆತ್ತಿಯಲ್ಲಿ ಸೇಬಿನಷ್ಟು ದೊಡ್ಡ ಕೆಂಪು ಗೊಂಡೆ ಇದ್ದ ಟೋಪಿ. ಅರ್ಧ ಗಂಟೆ ಗಾಳಿಯ ಜೊತೆ ಕುಸ್ತಿ ಆಡಿದೆ, ಎರಡು ಸಲ ಚಿತ್ ಮಾಡಿದೆ, ಟೋಪಿ ಮಾತ್ರ ಸಿಗಲಿಲ್ಲ. ಸ್ಲಾವ್ಕಾಳಿಗೂ ಕೆಫೆಯವರಿಗೂ ಇದನ್ನೇ ಹೇಳಿದೆ.

ನವೆಂಬರಿನಲ್ಲಿ ಒಂದು ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಪರಾಸ್ಕಾ ನನ್ನನ್ನು ನಿಲ್ಲಿಸಿದಳು. ಚಳಿಗಾಲ ಪೂರ್ತಿ ಅವಳು ಹುಳಿಕೆನೆಯ ಜಾಡಿಯನ್ನು ಬಕೆಟ್ಟಿಗೆ ಒರಗಿಸಿ ಇಡುತ್ತಾಳೆ. ಫ್ರಿಜ್ಜಿಗಿಂತ ಅದೇ ರುಚಿ ಎನ್ನುತ್ತಾಳೆ.

“ಕುಮೆ, ಈ ವರ್ಷ ಬಕೆಟ್ ತಣ್ಣಗಿಲ್ಲ. ಒಂದ್ ಜಾಡಿ ಕೆನೆ ಕೆಟ್ಟೋಯ್ತು.”

“ಅದು ನನ್ನ ಕೈಗುಣ, ಕುಮೊ. ನಾನ್ ಸರ್ವಿಸ್ ಮಾಡಿದ್ರೆ ಫರ್ನೇಸ್ ಹಾಗಿರ್ಲಿ, ಪಕ್ಕದ್ ಬಕೆಟ್ಟೂ ಬೆಚ್ಚಗಾಗತ್ತೆ.”

ಅವಳು ನಗಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಅದನ್ನೇ ಹೇಳಿದಳು. ಹಸು ಬದಲಾಯಿಸಿ ಎಂದೆ.

ಡಿಸೆಂಬರ್ ಮೊದಲ ವಾರ ಇಗರ್ಜಿಯ ಸಭಾಂಗಣದಲ್ಲಿ ನೀರಿನ ಪೈಪು ಒಡೆಯಿತು. ಹಬ್ಬಕ್ಕೆ ಸಾವಿರಾರು ವರೇನಿಕಿ ಮಡಿಸಬೇಕಾದ ಸಮಯ. ವರೇನಿಕಿ ಎಂದರೆ ನಮ್ಮ ಕಡುಬು, ಒಳಗೆ ಆಲೂಗಡ್ಡೆ. ಪರಾಸ್ಕಾಳ ನೆಲಮಾಳಿಗೆಯಲ್ಲಿ ಇನ್ನೊಂದು ದೊಡ್ಡ ಅಡುಗೆಮನೆ ಇದೆ, ಅದರಾಚೆಯ ಜಾಲರಿ ಬಾಗಿಲಿನ ಹಿಂದೆಯೇ ಫರ್ನೇಸು. ಗುರುವಾರ ಒಂಬತ್ತು ಹೆಂಗಸರು ಅಲ್ಲಿ ಸೇರಿದರು. ನನ್ನ ಸ್ಲಾವ್ಕಾಳೂ ಇದ್ದಳು. ಎರಡು ಹಂಡೆ ನೀರು ಕುದಿಯುತ್ತಿತ್ತು, ಈರುಳ್ಳಿ ಬಾಡುತ್ತಿತ್ತು, ಹಬೆ ಹೊರಗೆಳೆಯುವ ಫ್ಯಾನು ಬೆಳಿಗ್ಗೆಯಿಂದ ಗುಂಯ್‌ಗುಡುತ್ತಿತ್ತು. ಮಧ್ಯಾಹ್ನ ಪರಾಸ್ಕಾ ಎಲ್ಲರಿಗೂ ಗೊಜ್ಜು ಬಡಿಸಿದಳು, ಪಾದ್ರಿಯ ಮನೆಗೂ ಕಳಿಸಿದಳು.

ಎರಡು ಗಂಟೆಗೆ ಸ್ಟೆಫಾ ಎಂಬಾಕೆ ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದು ಕುರ್ಚಿಯಲ್ಲಿ ಕೂತವಳು ಏಳಲಾರದೆ ಹೋದಳು. ಉಳಿದವರಿಗೂ ತಲೆ ಸಿಡಿತ, ಕಣ್ಣು ಭಾರ, ಕಾಲು ಬತ್ತಿಯ ಹಾಗೆ. ಯಾರೋ ಬಾಗಿಲು ತೆರೆದು ಎಲ್ಲರನ್ನೂ ಹಿಮಕ್ಕೆ ಹೊರಡಿಸಿದರು. ಸ್ಟೆಫಾ ಅಲ್ಲೇ ವಾಂತಿ ಮಾಡಿಕೊಂಡಳು. ಅರ್ಧ ಗಂಟೆಯಲ್ಲಿ ಒಬ್ಬೊಬ್ಬರಾಗಿ ಚೇತರಿಸಿಕೊಂಡು ಮನೆಗೆ ಹೋದರು, ಹೋಗುತ್ತಲೇ ಫೋನು ಹಿಡಿದರು. ಸ್ಲಾವ್ಕಾ ಸೋಫಾದ ಮೇಲೆ ಬಿದ್ದುಕೊಂಡು, “ನಿನ್ನ ಕುಮಾ ಅಣಬೆ ಹಾಕಿ ನಮ್ಮನ್ನೆಲ್ಲ ಕೊಂದೇ ಬಿಡ್ತಿದ್ಳು” ಎಂದಳು. ಮೂರು ಗಂಟೆಯ ಹೊತ್ತಿಗೆ ಊರಿಗೆ ಊರೇ ಹೇಳುತ್ತಿತ್ತು: ಪರಾಸ್ಕಾಳಿಗೆ ವಯಸ್ಸಾಯಿತು, ಕಣ್ಣು ಮಂದವಾಯಿತು, ವಿಷದ ಅಣಬೆ ಆರಿಸಿ ತಂದಿದ್ದಾಳೆ.

ಮೂರೂಕಾಲಿಗೆ ಅವಳ ಫೋನು ಬಂತು. ದನಿ ಏರಿರಲಿಲ್ಲ.

“ಕುಮೆ, ನನ್ ಗೊಜ್ಜು ಎರಡ್ ತಟ್ಟೆ ತಿಂದ ಪಾದ್ರಿ ಅವರ ಮನೆ ಮುಂದೆ ಹಿಮ ಎತ್ತಿ ಹಾಕ್ತಿದಾರೆ. ಗೊಜ್ಜು ಮುಟ್ಟದೇ ಇದ್ದ ಸ್ಟೆಫಾ ವಾಂತಿ ಮಾಡ್ಕೊಂಡ್ಳು. ಬಕೆಟ್ ತಣ್ಣಗಿಲ್ಲ ಅಂತ ಎರಡ್ ಸಲ ಹೇಳಿದೀನಿ. ಬರ್ತೀರೋ, ಬೇರೆ ಊರಿಂದ ಯಾರ್ನಾದ್ರೂ ಕರೀಲೋ?”

ಬೇರೆ ಊರಿನವನೇ? ನಾನು ಹೊರಟ ವೇಗಕ್ಕೆ ಟ್ರಕ್ಕಿನ ನೆರಳು ಹಿಂದೆ ಉಳಿದು, ಸಂಜೆ ನಡೆದುಕೊಂಡು ಬಂತು.

ಕಿಟಕಿ ಬಾಗಿಲು ಮುಚ್ಚಿ, ಫರ್ನೇಸು ಹೊತ್ತಿಸಿ, ಅಡುಗೆಮನೆಯ ಫ್ಯಾನು ಹಾಕಿದೆ. ಹೊಗೆ ಚಿಮಣಿಗೆ ಹೋಗುವ ಬಾಯಿಯ ಹತ್ತಿರ ಒಂದು ಬೆಂಕಿಕಡ್ಡಿ ಗೀರಿ ಆರಿಸಿ ಹಿಡಿದೆ. ಅದರ ಹೊಗೆ ಒಳಕ್ಕೆ ಬಾಗಿ ಮೇಲೆ ಹೋಗಬೇಕು. ಅದು ಹೊರಕ್ಕೆ ತಿರುಗಿ ನನ್ನ ಮುಖಕ್ಕೆ ಬಂತು. ವಿಷಗಾಳಿ ಅಳೆಯುವ ಮೀಟರಿನ ಅಂಕಿಗಳು ಮೆಟ್ಟಿಲು ಹತ್ತುವ ಹಾಗೆ ಏರತೊಡಗಿದವು. ಅರ್ಥವಾಯಿತು. ಫ್ಯಾನು ಮನೆಯ ಗಾಳಿಯನ್ನೆಲ್ಲ ಹೊರಗೆ ಎಳೆಯುತ್ತಿತ್ತು. ಹೊಸ ಕಿಟಕಿಯ ಮನೆಗೆ ಒಳಗೆ ಬರುವ ಗಾಳಿಯ ದಾರಿಯೇ ಇರಲಿಲ್ಲ. ಆದ್ದರಿಂದ ಚಿಮಣಿಯೇ ತಿರುಗಿ ಉಸಿರೆಳೆದುಕೊಂಡು, ಮೇಲೆ ಹೋಗಬೇಕಾದ ಹೊಗೆಯನ್ನು ನೆಲಮಾಳಿಗೆಗೆ ಸುರಿಯುತ್ತಿತ್ತು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಬಂದವರ ತಲೆ ನೇವರಿಸಿ ಮಲಗಿಸುತ್ತದೆ. ಇನ್ನೊಂದು ಗಂಟೆ ಕಳೆದಿದ್ದರೆ ಒಂಬತ್ತು ಹೆಂಗಸರ ವಿಷಯ ನಾನು ಇಲ್ಲಿ ಹೀಗೆ ನಗುನಗುತ್ತಾ ಹೇಳುತ್ತಿರಲಿಲ್ಲ.

ಗ್ಯಾಸು ನಿಲ್ಲಿಸಿ, ಬಾಗಿಲು ತೆರೆಸಿ, ಪರಾಸ್ಕಾಳನ್ನು ಮೇಲೆ ಕಳಿಸಿದೆ. ಒಬ್ಬನೇ ಮೊಣಕಾಲೂರಿ ಬಕೆಟ್ಟಿನೊಳಗೆ ತೋಳು ಇಳಿಸಿ, ಕೊಳವೆಯ ಬಾಯಿಂದ ಮೇಲಕ್ಕೆ ಕೈ ಹಾಕಿದೆ. ಒಳಗೆ ಏನಿತ್ತು ಅನ್ನುತ್ತೀರಿ? ಮ್ಯಾಗ್‌ಪೈ ಗೂಡು! ಆ ಕಳ್ಳಹಕ್ಕಿ ಕೊಳವೆಯೊಳಗೆ ಸಂಸಾರವನ್ನೇ ಹೂಡಿತ್ತು. ಕಡ್ಡಿ, ಗರಿ, ಒಂದು ಬೆಳ್ಳಿ ಚಮಚ, ಯಾರದೋ ಕನ್ನಡಕ. ಎಳೆದೆಳೆದು ಸಾಕಾಯಿತು. ಕೊನೆಯ ಕಡ್ಡಿ ಕಿತ್ತದ್ದೇ ತಡ, ಗಾಳಿ ಬುಸ್ಸೆಂದು ಒಳಗೆ ಬಂದು ಬಕೆಟ್ಟಿನಲ್ಲಿ ತನ್ನ ಜಾಗದಲ್ಲಿ ಕೂತಿತು. ಮತ್ತೆ ಫರ್ನೇಸು ಹೊತ್ತಿಸಿ, ಫ್ಯಾನು ಹಾಕಿ, ಕಡ್ಡಿಯ ಹೊಗೆ ಹಿಡಿದು ನೋಡಿದೆ. ಈಗ ಅದು ವಿಧೇಯ ಸೊಸೆಯ ಹಾಗೆ ತಲೆ ಬಾಗಿಸಿ ಒಳಗೆ ಹೋಯಿತು. ಮೀಟರು ಸೊನ್ನೆಗೆ ಇಳಿಯುವ ತನಕ ಅಲ್ಲೇ ಕೂತಿದ್ದೆ. ಅಡುಗೆಮನೆಯ ಗೋಡೆಗೆ ವಿಷಗಾಳಿ ಬಂದರೆ ಕೂಗುವ ಒಂದು ಡಬ್ಬಿಯನ್ನೂ ಹಾಕಿ ಬಂದೆ.

ಹೀಗೆ ಒಂಬತ್ತು ಜೀವ ಉಳಿಸಿದವನು ನಾನು. ಮಾರನೆಯ ದಿನದಿಂದಲೇ ಕೆಫೆಯಲ್ಲಿ ಈ ಕಥೆ ನಡೆಯಿತು. ಮೊದಲ ದಿನ ಗೂಡು ಟೊಪ್ಪಿಗೆಯಷ್ಟಿತ್ತು, ವಾರದ ಕೊನೆಗೆ ಬಟ್ಟೆ ಒಗೆಯುವ ಟಬ್ಬಿನಷ್ಟಾಯಿತು. ಎದುರಿಗೆ ಕೂರುವ ನೆಸ್ಟರ್ ಬೊಯ್ಕೊ, ಮೂವತ್ತು ವರ್ಷದಿಂದ ನನ್ನ ಮಾತಿಗೆ ಸೊಪ್ಪು ಹಾಕದವನು, ಒಂದೇ ಪ್ರಶ್ನೆ ಕೇಳುತ್ತಿದ್ದ.

“ಎಲ್ಲರ ಚಿಂದೀನೂ ಮೊಳೆಗೆ ಹಾಕ್ತೀಯ. ಆ ಗೂಡ್ ಎಲ್ಲಿ?”

ಹಕ್ಕಿಗೆ ಮನೆಮಠ ಬೇಡವೇ, ವಾಪಸ್ ಕೊಟ್ಟೆ ಎಂದೆ.

ನನ್ನ ಕಥೆಯಿಂದ ಪರಾಸ್ಕಾಳ ಅಣಬೆಯ ಮೇಲಿನ ಆರೋಪ ಹೋಗುತ್ತದೆ ಎಂದುಕೊಂಡಿದ್ದೆ. ಹೋಯಿತು. ಆದರೆ ಜಾಗ ಖಾಲಿ ಬಿಡುವ ಊರಲ್ಲ ಇದು. ಹೊರಗೋಡೆಯಲ್ಲಿ ಕೊಳವೆಯ ಬಾಯಿಗೆ ಒಂದು ತಂತಿ ಜಾಲರಿ ಇರುತ್ತದೆ. ಅದನ್ನು ಗುಡಿಸಿ, ಹರಿದರೆ ಬದಲಾಯಿಸುವುದು ಮನೆಯವರ ಕೆಲಸ. ಹಕ್ಕಿ ಗೂಡು ಕಟ್ಟುವ ತನಕ ಇವಳೇನು ಮಾಡುತ್ತಿದ್ದಳು ಎಂದು ಶುರುವಾಯಿತು. ಅಣಬೆಯೋ ಗೂಡೋ, ಅಂತೂ ಅವಳ ಅಜಾಗರೂಕತೆಯಿಂದ ನಾವು ಸಾಯುತ್ತಿದ್ದೆವು, ಇನ್ನು ಅವಳ ಅಡುಗೆಯನ್ನು ಯಾವ ಧೈರ್ಯದಲ್ಲಿ ತಿನ್ನುವುದು ಎಂದರು. ಅಕ್ಟೋಬರಿನ ಪೊಕ್ರೋವಾ ಹಬ್ಬದ ದಿನವೇ ಜಾಲರಿ ಗುಡಿಸಿ ಹೊಸ ಮೊಳೆ ಹೊಡೆದಿದ್ದೇನೆ ಎಂದು ಅವಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಸೆಂಬರಿನ ಕೊನೆಗೆ ಹಬ್ಬದ ಅಡುಗೆಯ ಪಟ್ಟಿ ಇಗರ್ಜಿಯ ಬಾಗಿಲಿಗೆ ಅಂಟಿತು. ಅಣಬೆ ಗೊಜ್ಜಿನ ಮುಂದೆ ನೆಸ್ಟರನ ಹೆಂಡತಿಯ ಹೆಸರಿತ್ತು. ಅವಳು ಮಾಡುವುದು ಡಬ್ಬಿಯ ಅಣಬೆಯಲ್ಲಿ. ಪರಾಸ್ಕಾಳ ಹೆಸರು ಹನ್ನೆರಡರಲ್ಲಿ ಎಲ್ಲೂ ಇರಲಿಲ್ಲ. ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಕೈಗವಸು ಹಾಕಿಕೊಂಡು ಮನೆಗೆ ನಡೆದಳಂತೆ. ನನಗೆ ಹೇಳಿದ್ದು ಸ್ಲಾವ್ಕಾ. ಹೇಳಿ, ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ಹವಾಮಾನದ ವಿಷಯ ಎತ್ತಿದೆ.

ಜನವರಿ ನಾಲ್ಕರ ಬೆಳಿಗ್ಗೆ, ಮೈನಸ್ ಮೂವತ್ತೆಂಟು. ಕೆಫೆಯ ಉದ್ದನೆಯ ಮೇಜು ತುಂಬಿತ್ತು. ಹೊರಗಿನಿಂದ ಬಂದ ಒಬ್ಬ ಧಾನ್ಯದ ಲಾರಿ ಡ್ರೈವರಿಗೆ ನಾನು ಗೂಡಿನ ಕಥೆ ಹೇಳುತ್ತಿದ್ದೆ. ಗೂಡಿನಲ್ಲಿ ಮರಿಗಳೂ ಬಂದಿದ್ದವು. ಆಗ ಬಾಗಿಲು ತೆರೆದು ಪರಾಸ್ಕಾ ಒಳಗೆ ಬಂದಳು. ಆ ಮೇಜಿನ ಹತ್ತಿರ ಹೆಂಗಸರು ಬರುವ ರೂಢಿಯಿಲ್ಲ. ಅವಳು ನೇರವಾಗಿ ಬಂದು, ಕಂಕುಳಿಂದ ಅಂಗೈಯಗಲದ ಒಂದು ತಂತಿ ಜಾಲರಿ ತೆಗೆದು ನನ್ನ ಕಾಫಿಯ ಪಕ್ಕ ಇಟ್ಟಳು. ಹೊಳೆಯುತ್ತಿತ್ತು. ಒಂದು ತಂತಿಯೂ ಹರಿದಿರಲಿಲ್ಲ.

“ಇದನ್ನ ಈಗ್ತಾನೇ ಬಿಚ್ಕೊಂಡ್ ಬಂದೆ. ಇದ್ರಲ್ಲಿ ಬಟಾಣಿ ತೂರಲ್ಲ. ನಿಮ್ ಹಕ್ಕಿ ಹೆಂಗ್ ತೂರ್ತು, ಕುಮೆ?”

ಹಕ್ಕಿ ಚಿಕ್ಕದು ಎಂದೆ. ಚಮಚ ಮತ್ತು ಕನ್ನಡಕ ಹೊತ್ತ ಹಕ್ಕಿಯೇ ಎಂದು ನೆಸ್ಟರ್ ಕೇಳಿದ. ಯಾರೋ ಕೆಮ್ಮಿದರು. ಪರಾಸ್ಕಾ ಕೋಟಿನ ಜೇಬಿಗೆ ಕೈ ಹಾಕಿ ಇನ್ನೇನನ್ನೋ ತೆಗೆದಳು. ಕುರ್ಚಿಯೊಂದನ್ನು ಎಳೆದು, ಅದರ ಮೇಲೆ ಹತ್ತಿ, ಗೋಡೆಯ ಮೊಳೆಗೆ ಅದನ್ನು ದಾರದಿಂದ ಕಟ್ಟಿದಳು.

ಕೆಂಪು ಉಣ್ಣೆಯ ಗೊಂಡೆ. ಸೇಬಿನಷ್ಟು ದೊಡ್ಡದು.

“ಆ ಗುರುವಾರ ನೀವು ಬಂದ್ ಹೋದ ಮಾರನೇ ದಿನ ಬಕೆಟ್ಟಲ್ಲಿ ಬಿದ್ದಿತ್ತು,” ಎಂದಳು, ಕುರ್ಚಿಯಿಂದ ಇಳಿಯುತ್ತಾ. “ಒಂದ್ ತಿಂಗ್ಳು ಕಾದೆ ಕುಮೆ, ನೀವೇ ಹೇಳ್ತೀರಿ ಅಂತ. ನಾಡಿದ್ದು ಹಬ್ಬ.”

ಅವಳ ಕಣ್ಣಲ್ಲಿ ಕೋಪ ಇದ್ದಿದ್ದರೆ ನಾನು ಇನ್ನೊಂದು ಸುಳ್ಳು ಹೆಣೆಯುತ್ತಿದ್ದೆನೇನೋ. ಗಾಳಿ ಟೋಪಿ ಕದ್ದು, ಹಕ್ಕಿಗೆ ಕೊಟ್ಟು, ಹಕ್ಕಿ ಅದರಲ್ಲಿ ಮೊಟ್ಟೆಯಿಟ್ಟು... ಕಥೆ ಬಾಯಿಯ ತನಕ ಬಂದೂ ಇತ್ತು. ಕೋಪ ಇರಲಿಲ್ಲ. ಮಗುವನ್ನು ಎತ್ತಿಕೊಳ್ಳಲು ನನ್ನನ್ನು ಕರೆದ ದಿನ ನೋಡಿದ ಹಾಗೆಯೇ ನೋಡುತ್ತಿದ್ದಳು.

ನಾನು ಎದ್ದು ಟ್ರಕ್ಕಿಗೆ ಹೋದೆ. ಸೀಟಿನ ಹಿಂದಿನಿಂದ ಬೂದು ಟೋಪಿ ತಂದೆ. ನೆತ್ತಿಯಲ್ಲಿ ದಾರ ಕಿತ್ತ ಬೋಳು ಜಾಗ. ಎಲ್ಲರೆದುರು ಅದನ್ನು ಗೊಂಡೆಯ ಪಕ್ಕದಲ್ಲಿ ಮೊಳೆಗೆ ಸಿಕ್ಕಿಸಿ, ಇಷ್ಟು ವರ್ಷ ಬೇರೆಯವರ ಬಾಯಲ್ಲಿ ಹೇಳಿಸುತ್ತಿದ್ದ ಮಾತನ್ನು ಹೇಳಿದೆ.

“ಇದು ನನ್ನದು.”

ನೆಸ್ಟರ್ ನಗುತ್ತಾನೆಂದು ಕಾದೆ. ನಗಲಿಲ್ಲ. ಅವನ ಹೆಂಡತಿಯೂ ಆ ಒಂಬತ್ತರಲ್ಲಿ ಒಬ್ಬಳು. ಕಾಫಿ ಲೋಟ ಕೆಳಗಿಟ್ಟು, ಗೊಜ್ಜಿನ ವಿಷಯ ಮನೆಯಲ್ಲಿ ತಾನೇ ಹೇಳುತ್ತೇನೆ ಎಂದ. ಆಮೇಲೆ ನನ್ನ ಕಡೆ ತಿರುಗಿ, “ಒಂಬತ್ತು ಮನೆಗೂ ನೀನೇ ಹೋಗಿ ಹೇಳ್ಬೇಕು. ಟೋಪಿ ಇಲ್ದೆ” ಎಂದ. ಹೋದೆ. ಎಂಟು ಮನೆ ಸುಲಭ. ಒಂಬತ್ತನೆಯದು ನನ್ನದೇ. ಸ್ಲಾವ್ಕಾ ಪೂರ್ತಿ ಕೇಳಿಸಿಕೊಂಡು, ಆ ಟೋಪಿ ಹೆಣೆಯಲು ತನಗೆ ಹಿಡಿದ ಹದಿನಾಲ್ಕು ಸಂಜೆಗಳ ಲೆಕ್ಕ ಒಪ್ಪಿಸಿ, ಮಾರ್ಚಿನವರೆಗೂ ಅದು ಮೊಳೆಯ ಮೇಲೇ ಇರಲಿ ಎಂದು ತೀರ್ಪು ಕೊಟ್ಟಳು. ಪವಿತ್ರ ಸಂಜೆಗೆ ನಾನು ಸ್ಕಾರ್ಫು ಸುತ್ತಿಕೊಂಡು ಹೋದೆ. ಗೊಜ್ಜು ಪರಾಸ್ಕಾಳದ್ದೇ ಇತ್ತು. ಸ್ಟೆಫಾ ಮೊದಲ ಸಲ ರುಚಿ ನೋಡಿ ಎರಡನೆಯ ಸಲವೂ ಹಾಕಿಸಿಕೊಂಡಳು. ನನಗೆ ಬಡಿಸುವಾಗ ಪರಾಸ್ಕಾ ಸೌಟನ್ನು ತಟ್ಟೆಯ ಮೇಲೆ ಸ್ವಲ್ಪ ಹೊತ್ತು ಹಿಡಿದು ನಿಂತಳು, ಆಮೇಲೆ ಸುರಿದಳು.

ಈಗ ಉಳಿದ ನಿಜವನ್ನೂ ಹೇಳಿಬಿಡುತ್ತೇನೆ, ಹೇಗೂ ಸಿಕ್ಕಿಬಿದ್ದಿದ್ದೇನೆ. ಗಾಳಿಯ ಜೊತೆ ನಾನು ಕುಸ್ತಿ ಆಡಲಿಲ್ಲ. ಆ ಅಕ್ಟೋಬರಿನಲ್ಲಿ ನೆಲದ ಮೇಲೆ ಮಲಗಿ ಕೆಲಸ ಮಾಡುವಾಗ ಕೊಳವೆಯ ಥಂಡಿ ನನ್ನ ಕುತ್ತಿಗೆಗೆ ಹೊಡೆಯುತ್ತಿತ್ತು. ಹತ್ತೇ ನಿಮಿಷ ಎಂದುಕೊಂಡು ಟೋಪಿ ತೆಗೆದು ಅದರ ಬಾಯಿಗೆ ತುರುಕಿದೆ, ಬೀಳದಿರಲಿ ಎಂದು ಮೇಲಕ್ಕೆ ಒತ್ತಿದೆ. ಕೆಲಸ ಮುಗಿದ ಮೇಲೆ ಕೊನೆಗೆ ಕೊಳವೆ ನೋಡಿ ಏಳಬೇಕು. ಮೂವತ್ತೆಂಟು ವರ್ಷದಿಂದ ಎಲ್ಲರಿಗೂ ಬುದ್ಧಿ ಹೇಳಿದ್ದು ಅದನ್ನೇ. ಅಷ್ಟರಲ್ಲಿ ಮೇಲಿನಿಂದ ವಾಸನೆ ಬಂತು. ಅಣಬೆಯ ತಪ್ಪೂ ಸ್ವಲ್ಪ ಇದೆ ಎಂದರೆ ಪರಾಸ್ಕಾ ಒಪ್ಪುವುದಿಲ್ಲ. ಡಿಸೆಂಬರಿನಲ್ಲಿ ಕತ್ತಲ ಕೊಳವೆಯೊಳಗೆ ನನ್ನ ಬೆರಳಿಗೆ ಉಣ್ಣೆ ತಗುಲಿದಾಗ ಅದು ಯಾರದು ಎಂದು ಕಣ್ಣಿಲ್ಲದೆಯೇ ಗೊತ್ತಾಯಿತು. ಯಾರಾದರೂ ಇಳಿದು ಬರುವ ಮೊದಲೇ ತೆಗೆಯಬೇಕೆಂದು ಜೋರಾಗಿ ಎಳೆದೆ, ಗೊಂಡೆ ಕಿತ್ತು ಒಳಗೇ ಉಳಿಯಿತು. ಟೋಪಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮೇಲೆ ಬಂದೆ.

ಇನ್ನು, ಗಾಳಿಯನ್ನು ಬಕೆಟ್ಟಿನಲ್ಲಿ ಕೂರಿಸಿದವನೂ ನಾನಲ್ಲ. ಹದಿನೇಳು ವರ್ಷದ ಹಿಂದೆ ಆ ತೂತು ಕೊರೆದು, ಕೊಳವೆ ಇಳಿಸಿ, ಬಕೆಟ್ಟು ಇಟ್ಟವನು ಪರಾಸ್ಕಾಳ ಗಂಡ ಪೆಟ್ರೊ. ನಾನು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದೆ. ಗಾಳಿಯ ಕಿವಿ ಹಿಡಿದು ಎಳೆಯುವ ಅಗತ್ಯವೂ ಇರಲಿಲ್ಲ. ಅಂದಿನಿಂದ ಅದು ತಾನಾಗಿಯೇ ಬರುತ್ತಿತ್ತು, ತಾನಾಗಿಯೇ ಕೂರುತ್ತಿತ್ತು. ನಾನು ಮಾಡಿದ್ದು ಒಂದೇ. ಅದರ ಬಾಯಿಗೆ ಬಟ್ಟೆ ತುರುಕಿ, ಗೊಜ್ಜು ಉಣ್ಣಲು ಮೇಲೆ ಹೋದೆ.